ತಿಪ್ಪವ್ವನೂ ಯಾಬೇಚನೂ

“ಯಾಬೇಚ.”

ಹೊಸ ಹುಡುಗ ಎದ್ದು ನಿಂತು ಹೆಸರು ಹೇಳಿದ್ದೇ ತಡ, ದೊಡವಾಡ ಸಾಲೆಯ ಮೂರನೆಯ ಇಯತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಇದು ಹೆಸರೋ, ಕೆಮ್ಮಿನ ಔಷಧಾನೋ?” ಎಂದ ಹಿಂದಿನ ಸಾಲಿನ ಮುದಕಪ್ಪ.

ಎಲ್ಲರಿಗಿಂತ ಜೋರಾಗಿ ನಕ್ಕವಳು ತಿಪ್ಪವ್ವ. ಪಾಪ, ನಗದೆ ಏನು ಮಾಡಿಯಾಳು? ಸಾಲೆಗೆ ಸೇರಿದಾಗಿನಿಂದ “ತಿಪ್ಪಿ, ತಿಪ್ಪಿ, ಸಗಣಿ ಎಲ್ಲೇತಿ?” ಎಂದು ಅವಳ ಜೀವ ಹಿಂಡಿದ ಹುಡುಗರು ಇವತ್ತು ಬೇರೆಯವನನ್ನು ಹಿಡಿದಿದ್ದರು. ಅವಳಿಗೆ ಅದೊಂದು ದಿನದ ಸೂಟಿ ಸಿಕ್ಕಂತಾಗಿತ್ತು.

ನಾಳೆ ಸಾಲೆಗಳ ತಪಾಸಣೆ ಮಾಡುವ ದಿಪಟಿ ಸಾಹೇಬರು ಪರೀಕ್ಷೆಗೆ ಬರುವವರಿದ್ದರು. ಬಾಯಿಲೆಕ್ಕದಲ್ಲಿ ತಿಪ್ಪವ್ವನನ್ನು ಮೀರಿಸುವವರು ಇಯತ್ತೆಯಲ್ಲಿ ಯಾರೂ ಇಲ್ಲ. ಹಾಗಾಗಿ ಸಾಹೇಬರ ಮುಂದೆ ನಿಲ್ಲುವವಳು ಅವಳೇ. ಲೆಕ್ಕದ ಹೆದರಿಕೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಅವರು ಹೆಸರು ಕೇಳಿದರೆ? ಊರ ಹಿರಿಯರೆಲ್ಲ ಕೂತಿರುತ್ತಾರೆ, ಹಿಂದೆ ಮುದಕಪ್ಪ ಹಲ್ಲು ಕಿಸಿಯುತ್ತಾನೆ. ಅತ್ತೂ ಕರೆದೂ ನಿಜಗುಣಪ್ಪ ಮಾಸ್ತರರನ್ನು ಒಪ್ಪಿಸಿದ್ದಳು.

“ಆತವಾ, ಅವತ್ತ ಚನ್ನವ್ವ ಅಂತ ಹೇಳು. ನಾ ಸುಮ್ಮನಿರತೇನಿ” ಎಂದಿದ್ದರು ಮಾಸ್ತರರು.

ಮಧ್ಯಾಹ್ನ ಬುತ್ತಿಯ ಹೊತ್ತಿನಲ್ಲಿ ಹೊಸ ಹುಡುಗ ಬೇವಿನ ಮರದ ಕೆಳಗೆ ಒಬ್ಬನೇ ಕೂತಿದ್ದ. ಅಳುತ್ತಿರಬಹುದು ಎಂದು ತಿಪ್ಪವ್ವ ಹತ್ತಿರ ಹೋದಳು. ಅಳುವುದಿರಲಿ, ಹುಡುಗ ಅಗಸಿ ಚಟ್ನಿ ಚಪ್ಪರಿಸುತ್ತಿದ್ದ.

“ಎಲ್ಲಾರೂ ನಕ್ರಲ್ಲ, ನಿನಗ ಸಿಟ್ಟ ಬರಲಿಲ್ಲೇನು?”

“ಯಾಕ ಬರಬೇಕು? ನಮ್ಮವ್ವ ಇಟ್ಟ ಹೆಸರದು.”

“ಹಂಗಂದ್ರ ಏನು?”

“ನೋವು.”

“ನೋವು ಅಂತ ಯಾರರ ಹೆಸರ ಇಡತಾರೇನು?”

ಯಾಬೇಚನ ಅಪ್ಪ ಮಿಶನ್ನಿನ ಉಪದೇಶಿ, ಗದಗಿನ ಕಡೆಯಿಂದ ಬಂದವರು. ಹುಡುಗನಿಗೂ ಅಪ್ಪನಂತೆ ಬೈಬಲ್ಲಿನ ಕತೆ ಹೇಳುವ ರೂಢಿಯಿತ್ತು.

“ನಮ್ಮ ಬೈಬಲ್ಲಿನ್ಯಾಗ ಒಂದ ಕಡೆ ಬರೇ ಹೆಸರು ಅದಾವು. ಇವನ ಮಗ ಅಂವ, ಅವನ ಮಗ ಇಂವ. ಓದಾಕ ಹತ್ತಿದ್ರ ನಿದ್ದಿ ಬರತೈತಿ. ಅದರ ನಡಕ ಯಾಬೇಚ ಅಂತ ಒಬ್ಬಾಂವ ಅದಾನು. ಅವರವ್ವ ಭಾಳ ನೋವು ತಿಂದು ಅವನ್ನ ಹಡದ್ಲಂತ. ಅದಕ್ಕ ಆ ಹೆಸರಿಟ್ಲು. ಬೈಬಲ್ಲಿನ ಮಂದಿ ಇಬ್ರಿಯರು, ಅವರ ಮಾತಿನ್ಯಾಗ ಅದು ನೋವು ಅಂದಂಗ.”

“ಆಮ್ಯಾಲ ಅಂವ ಏನಾದ?”

“ನನ್ನ ಸೀಮಿ ದೊಡ್ಡದು ಮಾಡು, ನನಗ ನೋವು ಬರದಂಗ ಕಾಯಿ ಅಂತ ದೇವರನ್ನ ಕೇಳಿದ. ದೇವರು ಹೂಂ ಅಂದ. ಅಣ್ಣತಮ್ಮರೊಳಗ ಅವನ ಮಾನಾನ ಹೆಚ್ಚಾತು. ಅಷ್ಟ ಅವನ ಕತಿ.” ರೊಟ್ಟಿ ಮುರಿಯುತ್ತ ಹುಡುಗ ಹೇಳಿದ, “ನಾ ಹುಟ್ಟುಮುಂದ ನಮ್ಮವ್ವ ಸಾಯೂದೊಂದ ಬಾಕಿ ಇತ್ತಂತ. ನಿನಗ ಯಾಕ ತಿಪ್ಪವ್ವ ಅಂತ ಹೆಸರಿಟ್ರು?”

ತಿಪ್ಪವ್ವನಿಗೆ ಗೊತ್ತಿರಲಿಲ್ಲ. ಬೆಳಗ್ಗೆ ತಾನು ನಕ್ಕಿದ್ದು ನೆನಪಾಗಿ ಮುಖ ಬಿಸಿಯಾಯಿತು.

ಸಂಜೆ ಅವ್ವ ಗುರವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ತಿಪ್ಪವ್ವ ನೆಟ್ಟಗೆ ಹೋಗಿ ಕೇಳಿಯೇಬಿಟ್ಟಳು. ಅವ್ವನ ಕೈಯಲ್ಲಿ ಮೊರ ನಿಂತಿತು.

“ನಿನಗಿಂತ ಮೊದಲ ಮೂರು ಕೂಸು ಹಡದಿದ್ದೆ. ಒಂದೂ ಉಳೀಲಿಲ್ಲ. ನೀ ಹುಟ್ಟಿದಾಗ ನಿಮ್ಮಜ್ಜಿ, ಇದು ಯಾರಿಗೂ ಬ್ಯಾಡಾದ ಕೂಸು ಅಂತ ತೋರಸು, ಸಾವು ಹೊಳ್ಳಿ ನೋಡಬಾರದು ಅಂದ್ಲು. ನಿನ್ನ ತಿಪ್ಪಿ ಮ್ಯಾಲ ಮಲಗಿಸಿ ಬಂದೆ. ಬಾಜೂ ಮನಿ ಬಾಯವ್ವ ಎತಗೊಂಡ್ಲು. ಆಕಿಗೆ ಒಂದ ಮೊರ ಜೋಳ ಕೊಟ್ಟು ನಿನ್ನ ತಗೊಂಡೆ. ಅಲ್ಲೀತನಕ ನಾ ಉಸುರ ಬಿಟ್ಟಿರಲಿಲ್ಲ ನೋಡು.”

ಆ ರಾತ್ರಿ ತಿಪ್ಪವ್ವ ಅವ್ವನ ಬೆನ್ನಿಗೆ ಅಂಟಿಕೊಂಡು ಮಲಗಿದಳು.

ಮರುದಿನ ರುಮಾಲು ಸುತ್ತಿದ ದಿಪಟಿ ಸಾಹೇಬರು ಬಂದರು. ಹಿರಿಯರು ಜಮಖಾನೆಯ ಮೇಲೆ ಕೂತರು.

“ಒಂದ ಚಕ್ಕಡಿಗೆ ಹನ್ನೆರಡ ಚೀಲ ಜೋಳ. ಹದಿನಾರ ಚಕ್ಕಡಿಗೆ ಎಷ್ಟು?”

“ನೂರಾ ತೊಂಬತ್ತೆರಡ್ರಿ.” ಸಾಹೇಬರ ಬಾಯಿ ಮುಚ್ಚುವುದರೊಳಗೆ ಉತ್ತರ ಬಂದಿತ್ತು.

“ಶಾಬಾಸ್. ಏನು ನಿನ್ನ ಹೆಸರು, ತಂಗಿ?”

ಸಾಹೇಬರ ಹಿಂದೆ ನಿಂತ ಮಾಸ್ತರರು ‘ಚನ್ನವ್ವ’ ಎಂದು ತುಟಿ ಅಲ್ಲಾಡಿಸಿದರು. ತಿಪ್ಪವ್ವ ಅದನ್ನು ನೋಡಿದಳು. ಬೇಕಾದರೆ ಹೇಳಬಹುದಿತ್ತು.

“ತಿಪ್ಪವ್ವರಿ.”

ಹಿಂದಿನಿಂದ ಕಿಸಕ್ಕೆಂದ ಸದ್ದು ಬಂತು. ಅವಳು ಹೊರಳಿ ನೋಡಲಿಲ್ಲ. ದನಿ ಇನ್ನಷ್ಟು ಗಟ್ಟಿಯಾಯಿತು.

“ನನಗಿಂತ ಮೊದಲಿನ ಕೂಸು ಉಳೀಲಿಲ್ರಿ. ನಾ ಉಳೀಲಿ ಅಂತ ನಮ್ಮವ್ವ ಈ ಹೆಸರಿಟ್ಲರಿ. ನಾ ಉಳದೇನ್ರಿ.”

ಕಿಸಕ್ಕೆನ್ನುವ ಸದ್ದು ಅಲ್ಲಿಗೇ ಸತ್ತಿತು. ಹಿರಿಯರೊಬ್ಬರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಸಾಹೇಬರು ಮಾಸ್ತರರ ಕಡೆ ತಿರುಗಿದರು. “ಈಕಿನ್ನ ಒಂದನೇ ನಂಬರಿಗೆ ಕುಂಡರಸ್ರಿ.”

ಯಾಬೇಚ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಅವನ ಹಿಂದೆ ಇಡೀ ಇಯತ್ತೆ ತಟ್ಟಿತು, ಮುದಕಪ್ಪನೂ ಸೇರಿ. ತಿಪ್ಪವ್ವ ಒಂದನೇ ನಂಬರಿನ ಜಾಗದಲ್ಲಿ ಠೀವಿಯಿಂದ ಕೂತಳು.

ಸಾಲೆ ಬಿಟ್ಟಾಗ ಹುಡುಗರಿಗೆಲ್ಲ ಅದೇ ಹುಚ್ಚು: ಯಾರ ಹೆಸರು ಯಾಕೆ ಇಟ್ಟರು, ಮನೆಗೆ ಹೋಗಿ ಕೇಳಬೇಕು. ಮುದಕಪ್ಪ ಎಲ್ಲರಿಗಿಂತ ಮುಂದೆ ಓಡಿದ.

ತಿಪ್ಪವ್ವ ಓಣಿಯ ತಿರುವಿಗೆ ಬಂದಾಗ ಅವ್ವ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. “ತಿಪ್ಪವ್ವಾ, ಏ ತಿಪ್ಪವ್ವಾ.”

ನಿನ್ನೆಯಾಗಿದ್ದರೆ ಓಡಿಹೋಗಿ ಅವ್ವನ ಬಾಯಿ ಮುಚ್ಚುತ್ತಿದ್ದಳು. ಇವತ್ತು ಗೋಡೆಗೆ ಒರಗಿ ಸುಮ್ಮನೆ ನಿಂತಳು. ಅವ್ವ ಇನ್ನೊಮ್ಮೆ ಕರೆಯಲಿ ಎಂದು ಕಾಯ್ದಳು.