ಮುಂದಿನ ಆಕ್ಸಲಿನ ಅರಿಶಿನ ದಾರ

ಮೇರಿ ಬಂದಾಗ ನಾನು ವೀರಭದ್ರರ ಮನೆಯಲ್ಲೇ ಕುಳಿತಿದ್ದೆ. ನನ್ನನ್ನು ಕಂಡು ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಅವಳ ಗಂಡ ವಿನ್ಸೆಂಟನನ್ನು ಪೊಲೀಸರು ಹಿಡಿದದ್ದು ನನ್ನ ದೂರಿನ ಮೇಲೆಯೇ. ಏಲೂರಿನಲ್ಲಿ ಜೀಪುಗಳ ವರ್ಕ್‌ಶಾಪು ಇಟ್ಟಿದ್ದ ಆತ ನನ್ನ ಮಗ ಯಶವಂತನ ಸಾವಿಗೆ ಕಾರಣನೆಂದು ನಾನು ಬರೆದುಕೊಟ್ಟಿದ್ದೆ.

ಅದು 1996ರ ನವೆಂಬರು. ಉಡುಪಿ ಕಡೆಯವನಾದ ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಎರ್ನಾಕುಲಂನಲ್ಲೇ ಉಳಿದಿದ್ದೆ. ಮೇಲಿನ ಮಹಡಿಯಲ್ಲಿ ಧಾರವಾಡದ ವೀರಭದ್ರರಿದ್ದರು. ಮೂವತ್ತು ವರ್ಷ ವಿಮೆಯವರ ಪರವಾಗಿ ಅಪಘಾತದ ವಾಹನಗಳನ್ನು ತಪಾಸಣೆ ಮಾಡಿದವರು. ನಿವೃತ್ತರಾದ ಮೇಲೂ ಬಿಡಿಸಲಾಗದ ಗಂಟು ಎದುರಾದಾಗಲೆಲ್ಲ ಪೊಲೀಸರು ಅವರ ಮೆಟ್ಟಿಲು ಹತ್ತುತ್ತಿದ್ದರು.

ಮೇರಿ ಅಳಲಿಲ್ಲ. ತನ್ನ ಗಂಡ ಕೆಲಸದಲ್ಲಿ ಸುಳ್ಳು ಹೇಳುವವನಲ್ಲ, ಶುಕ್ರವಾರ ನಾನು ಕೋರ್ಟಿನಲ್ಲಿ ಹೇಳಿಕೆ ಕೊಟ್ಟರೆ ಅವನ ಬದುಕು ಮುಗಿಯಿತು ಎಂದಳು. "ಸಾರೆ, ಆ ಹುಡುಗ ನಮ್ಮ ಮನೆಯಲ್ಲಿ ಮರಗೆಣಸಿನ ಕಪ್ಪ, ಮೀನ್ ಕರಿ ತಿಂದು ಬೆಳೆದ ಹಾಗೆ ಇದ್ದ."

ನನ್ನ ಮಗ ಮೀನು ತಿನ್ನುತ್ತಿದ್ದನೆಂದು ನನಗೆ ತಿಳಿದದ್ದು ಆಗಲೇ. ಅದಕ್ಕೂ ಸಿಟ್ಟು ಬಂತು.

ವೀರಭದ್ರರು ನನ್ನತ್ತ ತಿರುಗಿದರು. "ಶ್ರೀಪತಿಯವರ, ನಾ ಈ ಕೆಲಸ ಹಿಡದ್ರ ನೀವು ಬ್ಯಾಸರ ಮಾಡ್ಕೋತೀರೇನು?"

"ಹಿಡಿಯಿರಿ. ಅವನ ಕುತ್ತಿಗೆಯ ಹಗ್ಗ ಇನ್ನಷ್ಟು ಬಿಗಿಯಾಗಲಿ."

"ಹಗ್ಗ ಯಾರ ಕುತ್ತಿಗಿಗೆ ಅಳತಿ ಆಗ್ತೈತೋ ಆಮ್ಯಾಲ ನೋಡೂಣು."

ಮಗನ ಕರ್ಮ ಮುಗಿದ ದಿನ ನಾನು ದೇವರ ಮುಂದಿನ ನಂದಾದೀಪವನ್ನು ಆರಿಸಿದ್ದೆ. ಕೊಂದವನ ಹೆಸರು ಹೊರಬಿದ್ದು ಅವನ ಕೈಗೆ ಕೋಳ ಬೀಳುವವರೆಗೆ ಹಚ್ಚುವುದಿಲ್ಲವೆಂದು ದೇವರಿಗೇ ಹೇಳಿದ್ದೆ. ವಿನ್ಸೆಂಟನಿಗೆ ಕೋಳ ಬಿದ್ದಿತ್ತು. ಹೇಳಿಕೆಯೂ ಆಗಲಿ ಎಂದು ಕಾದಿದ್ದೆ.

ನಡೆದದ್ದು ಇಷ್ಟು. ತಿರುವನಂತಪುರದ ಕೇಂದ್ರ ಸರ್ಕಾರದ ಪ್ರಯೋಗಶಾಲೆಯೊಂದರಲ್ಲಿ ಯಶವಂತ ಎಂಜಿನಿಯರನಾಗಿದ್ದ. ಬೆಟ್ಟಗುಡ್ಡಗಳಲ್ಲಿ ಜೀಪು ಓಡಿಸುವ ಪಂದ್ಯದ ಹುಚ್ಚು ಅವನಿಗಿತ್ತು. ಇಪ್ಪತ್ತೆಂಟು ಇಂಚಿನ ಗಾಲಿ ತೆಗೆದು ಮೂವತ್ತಮೂರು ಇಂಚಿನದು ಹಾಕಿಸಿದ. ಅದಕ್ಕೆ ತಕ್ಕಂತೆ ಹಿಂದಿನ, ಮುಂದಿನ ಎರಡೂ ಆಕ್ಸಲಿನ ಹಲ್ಲುಚಕ್ರಗಳನ್ನು ವಿನ್ಸೆಂಟ್ ಬದಲಿಸಿದ. ಜೀಪು ನೇರವಾಗಿ ನನ್ನ ಮನೆಯಂಗಳಕ್ಕೆ ಬಂತು. ನಾನು ಪೂಜೆ ಮಾಡಿ, ಜನಿವಾರಕ್ಕೆಂದು ತಕಲಿಯಲ್ಲಿ ನೂತ ದಾರವನ್ನು ಅರಿಶಿನದಲ್ಲಿ ಅದ್ದಿ, ಎರಡೂ ಆಕ್ಸಲಿನ ಮುಚ್ಚಳದ ಬೋಲ್ಟುಗಳ ಸುತ್ತ ಬಿಗಿದು ಕಟ್ಟಿದೆ.

ಎರಡು ವಾರದ ಮೇಲೆ ತನ್ನ ತಾಯಿಯ ಶ್ರಾದ್ಧಕ್ಕೆ ಯಶವಂತ ರೈಲಿನಲ್ಲಿ ಬಂದು ಮೂರು ದಿನ ಇದ್ದ. ಎಲೆಯ ಮುಂದೆ ಕುಳಿತಾಗ, "ವಿಳಿಂಜಂ ಹತ್ತಿರ ಬಂಡೆ ಏರಿಸಿದೆ ಅಪ್ಪಾ, ನಾಲ್ಕೂ ಗಾಲಿ ಹೇಗೆ ಎಳೆಯಿತು ಅಂದರೆ" ಎಂದು ಶುರುಮಾಡಿದ. ಶ್ರಾದ್ಧದ ದಿನ ಜೀಪಿನ ಮಾತು ಬೇಡವೆಂದು ಬಾಯಿ ಮುಚ್ಚಿಸಿದೆ. ಮರುದಿನ ಹೋದವನು ಭಾನುವಾರದ ಪಂದ್ಯದಲ್ಲಿ ತೊರೆ ದಾಟಿ, ಬಂಡೆಯ ಬುಡದಲ್ಲಿ ನಾಲ್ಕು ಗಾಲಿಯ ಎಳೆತ ಹಾಕಿ ಏರತೊಡಗಿದ. ಅರ್ಧದಲ್ಲಿ ಗುಂಡು ಹಾರಿದಂಥ ಸದ್ದು. ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಪೆಟ್ಟಿಗೆ ಒಡೆಯಿತು. ಆ ಜೀಪಿನ ಕೈಬ್ರೇಕು ಹಿಡಿಯುವುದು ಅದೇ ಪೆಟ್ಟಿಗೆಯ ಹಿಂದಿನ ಶಾಫ್ಟನ್ನು. ಪೆಟ್ಟಿಗೆಯ ಜೊತೆಗೆ ಅದೂ ಹೋಯಿತು. ಕಾಲಿನ ಬ್ರೇಕು ತೊರೆಯ ನೀರಿಗೆ ನೆನೆದಿತ್ತು. ಜೀಪು ಹಿಂದಕ್ಕೆ ಉರುಳಿ ಪಾಳು ಕಲ್ಲುಕ್ವಾರಿಗೆ ಬಿತ್ತು.

ಪೊಲೀಸರು ಬಿಚ್ಚಿದಾಗ ಹಿಂದಿನ ಆಕ್ಸಲಿನಲ್ಲಿ ಹೊಸ ಚಕ್ರ, ಮುಂದಿನದರಲ್ಲಿ ಹಳೆಯ ಚಕ್ರ. ವಿನ್ಸೆಂಟ್ ಅರ್ಧ ಕೆಲಸ ಮಾಡಿ ಪೂರ್ತಿ ಎಂದು ಹೇಳಿದ್ದಾನೆ ಎಂದರು. ನಾನೂ ನಂಬಿದೆ.

ಬೆಳಗಿನ ರೈಲಿನಲ್ಲಿ ತಿರುವನಂತಪುರಕ್ಕೆ ಹೋಗುವಾಗ ವೀರಭದ್ರರು ಲೆಕ್ಕ ಬಿಡಿಸಿ ಹೇಳಿದರು. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ನೆಲ ನುಂಗುತ್ತದೆ. ಹಾಗಾಗಿ ಎಂಜಿನ್ನಿಗೆ ಭಾರ. ಆ ಭಾರ ಇಳಿಸಲು ಗಾಲಿಯ ಒಂದು ಸುತ್ತಿಗೆ ಶಾಫ್ಟು ಹೆಚ್ಚು ಸುತ್ತುವಂತೆ ಆಕ್ಸಲಿನ ಚಕ್ರ ಬದಲಿಸಬೇಕು. ಹಳೆಯದರಲ್ಲಿ ಸಣ್ಣ ಚಕ್ರಕ್ಕೆ ಒಂಬತ್ತು ಹಲ್ಲು, ದೊಡ್ಡದಕ್ಕೆ ನಲವತ್ತೊಂದು. ಹೊಸದರಲ್ಲಿ ಎಂಟು ಮತ್ತು ನಲವತ್ತಮೂರು. ಇಪ್ಪತ್ತೆಂಟರಿಂದ ಮೂವತ್ತಮೂರಕ್ಕೆ ಏರಿದ ಗಾಲಿಗೆ ಅದು ಅಳತೆ ಮಾಡಿ ಹೊಲಿದ ಅಂಗಿಯಂಥದು.

"ಆಯ್ಕಿ ಮಾಡಿದಾಂವ ಶ್ಯಾಣ್ಯಾ," ಎಂದರು. "ಆದ್ರ ಎರಡೂ ಕಡೆ ಒಂದಽ ಇರಬೇಕ್ರಿ. ಹಿಂದೊಂದು ಮುಂದೊಂದು ಆದ್ರ, ನಾಲ್ಕೂ ಗಾಲಿ ಕೂಡಿ ಎಳಿಯೂ ತನಕ ಗೊತ್ತಽ ಆಗೂದಿಲ್ಲ. ಗೊತ್ತಾದಾಗ ಏನರ ಒಂದು ಮುರೀಲೇಬೇಕು."

ಪೊಲೀಸ್ ಅಂಗಳದಲ್ಲಿ ಇನ್‌ಸ್ಪೆಕ್ಟರು ಜಜ್ಜಿಹೋದ ಜೀಪನ್ನು ತೋರಿಸಿದರು. ವೀರಭದ್ರರು ಮುಂದಿನ ಗಾಲಿಗಳೆರಡನ್ನೂ ಒಟ್ಟಿಗೆ ಹತ್ತು ಸುತ್ತು ತಿರುಗಿಸಿ, ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದರು. ನಲವತ್ತೈದೂವರೆ. ಹಿಂದಿನದು ಐವತ್ತನಾಲ್ಕಕ್ಕೆ ಚೂರು ಕಡಿಮೆ. ಪೊಲೀಸರು ಹೇಳಿದ್ದು ನಿಜವಾಗಿತ್ತು. ನನಗೆ ಒಳಗೊಳಗೇ ಸಮಾಧಾನವಾಯಿತು.

ಮುಚ್ಚಳ ಬಿಚ್ಚಿದಾಗ ಕತ್ತರಿಸಿ ತೆಗೆದ ನನ್ನ ದಾರಗಳನ್ನು ಪೊಲೀಸರು ಎರಡು ಲಕೋಟೆಗಳಲ್ಲಿ ಇಟ್ಟಿದ್ದರು. ಅವರಿಗೆ ಅವು ಪೂಜೆಯ ಕಸ. ವೀರಭದ್ರರು ಎರಡನ್ನೂ ನೀರಲ್ಲಿ ತೊಳೆದು, ಬೆಂಕಿಕಡ್ಡಿ ಗೀರಿ ತುದಿ ಸುಟ್ಟರು. ಹಿಂದಿನದು ಬೂದಿಯಾಯಿತು. ಮುಂದಿನದು ಕರಗಿ ಕಪ್ಪು ಮಣಿಯಾಯಿತು. ಅವರು ಅದರ ಗಂಟನ್ನು ಬಹಳ ಹೊತ್ತು ನೋಡಿ ಜೇಬಿಗಿಟ್ಟುಕೊಂಡರು.

ಅಲ್ಲಿಂದ ಯಶವಂತನ ಕ್ವಾರ್ಟರ್ಸಿಗೆ ಹೋದೆವು. ಅವನ ಗೆಳೆಯ ರತ್ನಾಕರ ಬೀಗದ ಕೈ ಹಿಡಿದು ಕಾದಿದ್ದ. ಕಾಸರಗೋಡಿನವನು. ಅದೇ ಪ್ರಯೋಗಶಾಲೆಯಲ್ಲಿ ಉಪಕರಣಗಳ ತಂತಿಗಳನ್ನು ಜೋಡಿಸಿ ಕಟ್ಟುವ ವಿಭಾಗದಲ್ಲಿದ್ದ. ಪಂದ್ಯಗಳಲ್ಲಿ ಯಶವಂತನ ಪಕ್ಕದಲ್ಲಿ ಕೂರುತ್ತಿದ್ದವನು, ಜೀಪಿನ ರಿಪೇರಿಗೆ ಕೈ ಜೋಡಿಸುತ್ತಿದ್ದವನು ಅವನೇ. ಆ ಭಾನುವಾರ ಮಾತ್ರ ಬೆನ್ನುನೋವೆಂದು ಕೆಳಗೇ ಉಳಿದಿದ್ದ. ಅವನ ತಂಗಿ ಶಾಲಿನಿಯೊಂದಿಗೆ ಯಶವಂತನ ಮದುವೆಯ ಮಾತು ನಡೆದಿತ್ತು. ಜಾತಕ ಕೂಡಲಿಲ್ಲವೆಂದು ನಾನೇ ಕಾಗದ ಬರೆದು ಮುರಿದಿದ್ದೆ. ಆ ಹುಡುಗಿ ಆಮೇಲೆ ಜ್ವರದಲ್ಲಿ ತೀರಿಕೊಂಡಳೆಂದು ಕೇಳಿದ್ದೆ. ಅಷ್ಟಾದರೂ ಈ ಹುಡುಗ ಹಗೆ ಇಟ್ಟುಕೊಳ್ಳಲಿಲ್ಲವಲ್ಲ ಎಂದು ಮನಸ್ಸು ಕರಗಿತು.

ಮಗನ ಪುಸ್ತಕಗಳನ್ನು ಅವನು ದಾರದಿಂದ ಅಚ್ಚುಕಟ್ಟಾಗಿ ಕಟ್ಟಿಟ್ಟಿದ್ದ. "ಎಲ್ಲ ಉಂಟು, ರಾಯರೇ. ಒಂದೂ ಬಿಟ್ಟಿಲ್ಲ," ಎಂದ. ಕ್ವಾರ್ಟರ್ಸಿನ ಹಿಂದೆ ಜೀಪು ನಿಲ್ಲಿಸುತ್ತಿದ್ದ ಶೆಡ್ಡಿನ ಮೂಲೆಯಲ್ಲಿ ವಿನ್ಸೆಂಟ್ ಕಳಚಿಕೊಟ್ಟ ಹಳೆಯ ಚಕ್ರಗಳ ಗೋಣಿಚೀಲವಿತ್ತು. ಎರಡು ಜೊತೆ ಇವೆಯೆಂದು ಪೊಲೀಸರು ಆಗಲೇ ಬರೆದುಕೊಂಡಿದ್ದರು. ವೀರಭದ್ರರು ಅದರೊಳಗೆ ಕೈ ಹಾಕಿ ತಡವಿದರು. "ಒಂಬತ್ತು," ಎಂದರು. ಸ್ವಲ್ಪ ತಡೆದು, "ಎಂಟು," ಎಂದರು.

ಮರುದಿನ ಅದೇ ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿದರು. ಇನ್‌ಸ್ಪೆಕ್ಟರು ವಿನ್ಸೆಂಟನನ್ನು ಕರೆತಂದಿದ್ದರು. ಮೇರಿ ಗೋಡೆಗೆ ಒರಗಿ ಜಪಮಾಲೆ ಹಿಡಿದಿದ್ದಳು. ರತ್ನಾಕರ ನನಗೆ ಕುರ್ಚಿ ಹಾಕಿಕೊಟ್ಟ.

"ಮೊದಲು ವಿನ್ಸೆಂಟನ ಮಾತು," ಎಂದು ವೀರಭದ್ರರು ಶುರುಮಾಡಿದರು. "ಅರ್ಧ ಕೆಲಸ ಮಾಡಿದ್ದಾನ ಅಂದ್ರಿ. ಹಂಗಿದ್ರ ವಿಳಿಂಜಂ ಬಂಡೆಗಲ್ಲಿನ ಮ್ಯಾಲೇ ಜೀಪು ಮುರೀಬೇಕಾಗಿತ್ತು. ಅಲ್ಲಿ ನಾಲ್ಕೂ ಗಾಲಿ ಛಲೋ ಎಳದ್ವು. ಹಂಗಂತ ಸತ್ತ ಹುಡುಗನಽ ತನ್ನ ಅಪ್ಪಗ ಹೇಳ್ಯಾನ. ಹೌದಲ್ರಿ ಶ್ರೀಪತಿಯವರ?"

ರೈಲಿನಲ್ಲಿ ನಾನು ಅಳುತ್ತ ಹೇಳಿದ್ದ ಮಾತದು. ಆ ಮಾತಿನಲ್ಲಿ ಸಾಕ್ಷಿಯಿದೆಯೆಂದು ನನಗೆ ಹೊಳೆದಿರಲಿಲ್ಲ. ಅಂದು ಅವನ ಬಾಯಿ ಮುಚ್ಚಿಸದಿದ್ದರೆ ಇನ್ನಷ್ಟು ಹೇಳುತ್ತಿದ್ದ.

ಮುಂದಿನದನ್ನು ಅವರು ಒಂದೊಂದಾಗಿ ಬಿಡಿಸಿದರು. ವಿಳಿಂಜಂ ಬಂಡೆ ಏರಿದ ಮೇಲೆ, ಪಂದ್ಯಕ್ಕೆ ಮುಂಚೆ ಯಾರೋ ಮುಂದಿನ ಆಕ್ಸಲು ಬಿಚ್ಚಿ ಹಳೆಯ ಚಕ್ರ ಕೂರಿಸಿದ್ದರು. ಯಶವಂತ ಶ್ರಾದ್ಧಕ್ಕೆ ಬಂದ ಮೂರು ದಿನ ಜೀಪು ಈ ಶೆಡ್ಡಿನಲ್ಲಿತ್ತು. ತೆಗೆದ ಹೊಸ ಚಕ್ರವನ್ನು ಹಳೆಯದು ಇದ್ದ ಗೋಣಿಗೇ ಹಾಕಿದ್ದರಿಂದ ಎರಡು ಜೊತೆಯ ಲೆಕ್ಕ ತಪ್ಪಲಿಲ್ಲ. ಹಲ್ಲು ಮಾತ್ರ ಯಾರೂ ಎಣಿಸಿರಲಿಲ್ಲ. ಅವರು ಗೋಣಿ ಸುರುವಿದರು. ಎಂಟು ಹಲ್ಲಿನದು ಓಡಿ ಸವೆದ ಹೊಳಪಿನೊಂದಿಗೆ ನೆಲಕ್ಕೆ ಬಿತ್ತು. ವಿನ್ಸೆಂಟ್ ಅದನ್ನು ಎತ್ತಿ ನೋಡಿ, "ಇದು ನಾನು ಮುಂದೆ ಕೂರಿಸಿದ್ದು, ಸಾರೆ. ಬಣ್ಣದ ಗುರುತು ನನ್ನದೇ," ಎಂದ.

"ಮುಚ್ಚಳ ಬಿಚ್ಚಬೇಕಾದ್ರ ರಾಯರ ದಾರ ಹರೀಲೇಬೇಕು. ಹರದಾಂವಗ ಅಂಜಿಕಿ ಆತು. ದೇವರ ಅಂಜಿಕಿ ಅಲ್ರಿ. ಹುಡುಗ ಬಂದು ನೋಡಿದ್ರ ದಾರ ಎಲ್ಲಿ ಅಂತ ಕೇಳ್ತಾನ. ಅದಕ್ಕ ಕೈಗೆ ಸಿಕ್ಕ ದಾರ ಅರಿಶಿನದಾಗ ಅದ್ದಿ ಕಟ್ಟಿದಾ. ರಾಯರು ನೂತದ್ದು ಹತ್ತಿ, ಸುಟ್ರ ಬೂದಿ. ಇದು ಮೇಣ ಹಚ್ಚಿದ ನೈಲಾನು. ಪ್ರಯೋಗಶಾಲೆಯೊಳಗ ತಂತಿ ಸೇರಿಸಿ ಕಟ್ಟೂ ದಾರ. ದಾರ ಯಾರರ ತಂದಾರು. ಆದ್ರ ಗಂಟು?"

ಅವರು ನನ್ನ ಮಗನ ಪುಸ್ತಕದ ಕಟ್ಟನ್ನು ಮೇಜಿನ ಮೇಲಿಟ್ಟರು. ಅದರ ಪಕ್ಕದಲ್ಲಿ ಮುಂದಿನ ಆಕ್ಸಲಿನ ದಾರ. ಎರಡು ಸುತ್ತು, ಅಡ್ಡ ಬಿಗಿತ, ಮೇಲೊಂದು ಜೋಡಿ ಗಂಟು, ಬ್ಲೇಡಿನಿಂದ ಸಮನಾಗಿ ಕತ್ತರಿಸಿದ ತುದಿ. ಒಂದರ ಬದಲು ಇನ್ನೊಂದನ್ನು ಇಟ್ಟರೂ ತಿಳಿಯುವಂತಿರಲಿಲ್ಲ.

"ದಿನಾ ನೂರು ಗಂಟು ಹಾಕೂ ಕೈ," ಎಂದರು ವೀರಭದ್ರರು. "ಅದಕ್ಕ ಬ್ಯಾರೆ ಗಂಟು ಬರೂದಿಲ್ಲ. ಬೆನ್ನುನೋವು ಈಗ ಹೆಂಗೈತಿ, ರತ್ನಾಕರ?"

ಅವನು ಓಡಲಿಲ್ಲ. ಇನ್‌ಸ್ಪೆಕ್ಟರರನ್ನಾಗಲಿ ವೀರಭದ್ರರನ್ನಾಗಲಿ ನೋಡಲಿಲ್ಲ. ಅಂಗಿಯ ಜೇಬಿನಿಂದ ಮಡಿಕೆ ಹರಿದ ಒಂದು ಕಾಗದ ತೆಗೆದು ನನ್ನ ತೊಡೆಯ ಮೇಲಿಟ್ಟ. ನನ್ನ ಅಕ್ಷರ. ಮೇಲೆ ಶ್ರೀಕಾರ. ಕನ್ಯೆಯ ಜಾತಕದಲ್ಲಿ ದೋಷವಿರುವುದರಿಂದ, ಇಂಥವಳು ಹೊಕ್ಕ ಮನೆ ಏಳಿಗೆ ಕಾಣದೆಂದು ತಿಳಿದವರು ಹೇಳಿದ್ದರಿಂದ, ಎಂದು ಬರೆದಿದ್ದೆ.

"ಜ್ವರ ಅಂತ ಊರಿಗೆ ಹೇಳಿದ್ದು," ಎಂದ ರತ್ನಾಕರ. "ಶಾಲಿನಿಯನ್ನು ಬಾವಿಯಿಂದ ಎತ್ತಿದ್ದು ನಾನು. ಅವಳ ಮುಷ್ಟಿಯಲ್ಲಿ ಇದಿತ್ತು. ನಿಮ್ಮ ಮಗ ಒಂದು ಮಾತು ಎದುರಾಡಲಿಲ್ಲ. ಅಪ್ಪ ಹೇಳಿದ ಮೇಲೆ ಮುಗಿಯಿತು ಅಂದ. ನಿಮ್ಮನ್ನೇ ಕೊಲ್ಲಬಹುದಿತ್ತು, ರಾಯರೇ. ಆದರೆ ನಾನು ತಂಗಿಯನ್ನು ಎತ್ತಿದ ಹಾಗೆ ಮಗನನ್ನು ಎತ್ತುವವರು ನೀವಾಗಬೇಕಿತ್ತು."

ನಾನು ಎದ್ದು ಅವನ ಮುಂದೆ ನಿಂತೆ. ಇನ್‌ಸ್ಪೆಕ್ಟರರಿಂದ ಕಾಗದ ಕೇಳಿ ವಿನ್ಸೆಂಟನ ಮೇಲಿನ ದೂರು ಹಿಂತೆಗೆದುಕೊಂಡೆ. ಇನ್ನೊಂದು ಕಾಗದದಲ್ಲಿ ರತ್ನಾಕರನ ಹೆಸರು ಬರೆದು, ಒಂದಕ್ಷರವೂ ಅಳುಕದೆ ಸಹಿ ಮಾಡಿದೆ. ಅವನ ಕೈಗೆ ಕೋಳ ಬೀಳುವವರೆಗೂ ನಿಂತು ನೋಡಿದೆ. ಮೇರಿ ನನ್ನ ಕೈ ಹಿಡಿಯಲು ಬಂದಳು. ಅವಳಿಗೆ ಕೈ ಕೊಡುವ ಯೋಗ್ಯತೆ ನನಗಿರಲಿಲ್ಲ.

ಮರುದಿನ ಎರ್ನಾಕುಲಂನಲ್ಲಿ ವೀರಭದ್ರರು ನನ್ನೊಂದಿಗೆ ದೇವರ ಕೋಣೆಯ ಬಾಗಿಲವರೆಗೆ ಬಂದರು. ಎಣ್ಣೆ ತುಂಬಿಟ್ಟೆ. ಬತ್ತಿ ಹೊಸೆದೆ. ಆ ಕಾಗದವನ್ನು ದೀಪದ ಬುಡದಲ್ಲಿಟ್ಟೆ.

"ಹಚ್ಚೂದಿಲ್ಲೇನ್ರಿ? ಹೆಸರು ಹೊರಗ ಬಂತು. ಕೋಳಾನೂ ಬಿತ್ತು."

"ಒಬ್ಬನಿಗೆ ಬಿತ್ತು," ಎಂದೆ.

ಅವರು ಬೆಂಕಿಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು ಮೇಲಿನ ಮಹಡಿಗೆ ಹೋದರು. ಅದು ಇಂದಿಗೂ ಅಲ್ಲೇ ಇದೆ.