ಬಲಗೆನ್ನೆಯ ಗಂಟು

ಬೆಳಗಿನ ಆರು ಗಂಟೆಗೆ ಜವರಯ್ಯ ಮೈದಾನದ ಲಾಯದ ಬಾಗಿಲು ತೆಗೆದ. ಚಂದ್ರಿ ಇದ್ದಳು. ಅವಳ ಬಾಲ ಮಾತ್ರ ಹುಲ್ಲಿನ ಮೇಲೆ ಬಿದ್ದಿತ್ತು. ಯಾರೋ ಮೊಳಕಾಲುದ್ದದ ಬಿಳಿ ಕೂದಲನ್ನು ಬುಡಕ್ಕೇ ಕತ್ತರಿಸಿದ್ದರು.

ಅದು 1958ರ ಟಾಂಗಾ ಕುದುರೆಗಳ ಪ್ರದರ್ಶನ, ದೊಡ್ಡಕೆರೆ ಮೈದಾನದಲ್ಲಿ. ಹಿಂದಿನ ದಿನ ಇಲವಾಲದ ಜವರಯ್ಯನ ಚಂದ್ರಿಗೂ ಹಿನಕಲ್ ಹುಚ್ಚಣ್ಣನ ರಾಜನಿಗೂ ಸಮಸಮ ಅಂಕ ಬಂದಿತ್ತು. ಇವತ್ತು ಹನ್ನೊಂದಕ್ಕೆ ಜೀನು, ಕಣ್ಣುಪಟ್ಟಿ ಎಲ್ಲ ಬಿಚ್ಚಿಸಿ, ಎರಡನ್ನೂ ಬರಿಮೈಯಲ್ಲಿ ನಿಲ್ಲಿಸಿ ತೀರ್ಪು. ಅಂಕದಲ್ಲಿ ಮೂರನೆಯವನು ಸ್ಟೇಷನ್ ಟಾಂಗಾ ಸ್ಟ್ಯಾಂಡಿನ ನಂಜಯ್ಯ.

"ಚಂದ್ರಿ ಬಾಲ ಕತ್ತರಿಸಿ ಮೀಸೆ ಕಟ್ಕೋತೀನಿ ಅಂತ ನಿನ್ನೆ ಅಂದೋನು ನೀನೇ ತಾನೆ?" ಪೊಲೀಸ್ ದಫೇದಾರ್ ಸದಾಶಿವಯ್ಯ ನಂಜಯ್ಯನನ್ನು ಕೇಳಿದರು.

"ತಮಾಷೆಗಂದೆ ಬುದ್ಧಿ."

"ಬಿಲ್ಲೆ ಬಿಚ್ಚು."

ಲೈಸೆನ್ಸಿನ ಆ ಹಿತ್ತಾಳೆ ಬಿಲ್ಲೆ ಇಲ್ಲದೆ ಟಾಂಗಾ ರಸ್ತೆಗೆ ಇಳಿಯುವಂತಿಲ್ಲ. ನಂಜಯ್ಯ ಬಿಚ್ಚಿ ಕೊಟ್ಟ.

"ನಿಲ್ಲಿ. ನಿರಪರಾಧಿಯ ಬಿಲ್ಲೆ ಮುಟ್ಟಿದ ಕೈ..." ಅಂದವನು ಷಡಕ್ಷರಿ. ಟಾಕೀಸಿನ ಪ್ರಚಾರದವನು. ನಂಜಯ್ಯನ ಟಾಂಗಾದಲ್ಲೇ ಕೂತು ಊರೆಲ್ಲ ಕೂಗಿ ಕರಪತ್ರ ಎಸೆಯುವುದು ಅವನ ಕೆಲಸ. ಟಾಂಗಾ ನಿಂತರೆ ಅವನೂ ನಿಂತ.

"ಕೈ ಏನಾಗುತ್ತಯ್ಯ?"

"ಆ ರೀಲು ಇನ್ನೂ ಬಂದಿಲ್ಲ ಸಾರ್. ಹನ್ನೊಂದರವರೆಗೆ ಟೈಮ್ ಕೊಡಿ."

ಸದಾಶಿವಯ್ಯ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡರು. ಟೈಮ್ ಮಾತ್ರ ಕೊಟ್ಟರು.

*

ಚಂದ್ರಿಯ ಮುಖದ ಮೇಲೆ ಕಣ್ಣುಪಟ್ಟಿ ಇತ್ತು, ಗಾಡಿಗೆ ಹೂಡುವಾಗ ಅಕ್ಕಪಕ್ಕ ಕಾಣದಂತೆ ಕಟ್ಟುವ ಚರ್ಮದ ಪಟ್ಟಿ.

"ಲಾಯದಲ್ಲಿ ಇದ್ಯಾಕೆ ಜವರಯ್ಯಣ್ಣ?" ಷಡಕ್ಷರಿ ಕೇಳಿದ.

"ನಾನು ಕಟ್ಟಿಲ್ಲ ಕಣಪ್ಪ. ರಾತ್ರಿ ಬಿಚ್ಚಿ ಗೂಟಕ್ಕೆ ನೇತಾಕಿದ್ದೆ."

"ಇವಳ ಹಿಂದೆ ಹೊಸಬರು ನಿಂತ್ರೆ?"

"ಹಲ್ಲು ಉದುರೋ ಅಂಗೆ ಒದೀತಾಳೆ. ಕಣ್ಣುಪಟ್ಟಿ ಕಟ್ಟುದ್ರೆ ಮಾತ್ರ ಸುಮ್ಕಿರ್ತಾಳೆ. ಟಾಂಗಾಕ್ಕೆ ಹೂಡವ್ರೆ ಅನ್ಕೋತಾಳೆ. ಹಿಂದೆ ಯಾರು ಹತ್ತಿ ಇಳುದ್ರೂ ಅಲ್ಲಾಡಕ್ಕಿಲ್ಲ."

ಅಂದರೆ ಕತ್ತರಿ ಹಿಡಿದವನು ಟಾಂಗಾದವನೇ. ಷಡಕ್ಷರಿ ಬಗ್ಗಿ ನೋಡಿದ. ಪಟ್ಟಿಯ ಗಂಟು ಬಲಗೆನ್ನೆಯ ಮೇಲಿತ್ತು.

"ನಾವೆಲ್ಲ ಎಡಗಡೆ ನಿಂತು ಎಡಗೆನ್ನೆಗೆ ಕಟ್ಟೋದು. ನಮ್ಮಪ್ಪನ ಕಾಲದಿಂದ್ಲೂ ಅಂಗೇಯ," ಅಂದ ಜವರಯ್ಯ.

"ನಂಜಯ್ಯ ಎಡಚ ಕಣಯ್ಯ," ಹಿಂದೆಯೇ ಬಂದಿದ್ದ ಸದಾಶಿವಯ್ಯ ನಕ್ಕರು. "ಮುಗೀತು ನಿನ್ನ ಸಿನಿಮಾ."

ಷಡಕ್ಷರಿ ನಂಜಯ್ಯನ ಕುದುರೆಯ ಹತ್ತಿರ ಓಡಿದ. ಅದಕ್ಕಾಗಲೇ ಕಣ್ಣುಪಟ್ಟಿ ಕಟ್ಟಿತ್ತು. ಎಡಗೈಯಲ್ಲಿ ಬಿಗಿದ ಗಂಟು, ಎಡಗೆನ್ನೆಯ ಮೇಲೇ.

ಪಕ್ಕದಲ್ಲಿ ಹುಚ್ಚಣ್ಣ ತನ್ನ ರಾಜನಿಗೆ ಬೆಲ್ಲ ತಿನ್ನಿಸುತ್ತಿದ್ದ. ಬಲಗಡೆ ನಿಂತು.

"ಏನೋ ಹೀರೋ, ಕಳ್ಳ ಸಿಕ್ಕಿದ್ನಾ?"

"ಇಂಟರ್ವಲ್ ಹುಚ್ಚಣ್ಣ. ಬೆಲ್ಲ ತಿನ್ಸು."

*

ಹನ್ನೊಂದು ಗಂಟೆ. ಬಾಲವಿಲ್ಲದವಳನ್ನು ನಿಲ್ಲಿಸಲಾರೆ ಎಂದು ಜವರಯ್ಯ ಹಿಂದೆ ಸರಿದ. ಸ್ಪರ್ಧಿಯೇ ಇಲ್ಲದ ಮೇಲೆ ತಪಾಸಣೆಯೂ ಇಲ್ಲ. ಬಹುಮಾನ ರಾಜನಿಗೆ ಎಂದು ತೀರ್ಪುಗಾರರು ಏಳುವಷ್ಟರಲ್ಲಿ ಷಡಕ್ಷರಿ ಚಂದ್ರಿಯನ್ನು ಹಿಡಿದು ತಂದ.

"ಹುಚ್ಚಣ್ಣ, ಜವರಯ್ಯಣ್ಣನ ಕೈ ನಡುಗ್ತಿದೆ. ಇವಳಿಗೆ ಈ ಪಟ್ಟಿ ಕಟ್ಟಿಬುಡು."

ಹುಚ್ಚಣ್ಣ ನಿಂತಿದ್ದು ಚಂದ್ರಿಯ ಎಡಗಡೆ. ಪಟ್ಟಿ ತೆಗೆದುಕೊಂಡ. ಅವಳ ಮೂಗಿನ ಮುಂದೆ ಸುತ್ತಿಹೋಗಿ, ಬಲಗಡೆ ನಿಂತು, ಬಲಗೆನ್ನೆಗೆ ಗಂಟು ಹಾಕಿದ.

ಜವರಯ್ಯ ಆ ಗಂಟನ್ನೇ ನೋಡಿದ. ಸದಾಶಿವಯ್ಯನವರೂ ನೋಡಿದರು.

ಷಡಕ್ಷರಿ ರಾಜನ ಕಣ್ಣುಪಟ್ಟಿ ಎಳೆದ. ಬಲಗಣ್ಣಿನ ಮುಂದೆ ಕರಪತ್ರ ಆಡಿಸಿದ. ಕುದುರೆ ತಲೆ ಹಿಂದಕ್ಕೆಳೆಯಿತು. ಎಡಗಣ್ಣಿನ ಮುಂದೆ ಆಡಿಸಿದ. ರೆಪ್ಪೆಯೂ ಮಿಟುಕಲಿಲ್ಲ.

"ರಾಜಂಗೆ ಎಡಗಣ್ಣು ಕಾಣಲ್ಲ ಸಾರ್. ಕಾಣದ ಕಡೆಯಿಂದ ಮುಟ್ಟಿದ್ರೆ ಬೆಚ್ಚುತ್ತೆ, ಅದಕ್ಕೆ ಹುಚ್ಚಣ್ಣಂಗೆ ಬಲಗಡೆ ಅಭ್ಯಾಸ. ನಿನ್ನೆ ಪಟ್ಟಿ ಕಣ್ಣು ಮುಚ್ಚಿತ್ತು. ಇವತ್ತು ಬಿಚ್ಚಬೇಕಿತ್ತು. ಚಂದ್ರಿ ಬರದಿದ್ರೆ ಬಿಚ್ಚೋ ಹಾಗೇ ಇಲ್ಲ. ನಂಜಯ್ಯಣ್ಣನ ತಮಾಷೆ ಮಾತು ಪುಕ್ಕಟೆ ಸಿಕ್ತು, ತಪ್ಪು ಅವನ ತಲೆಗೆ."

ಹುಚ್ಚಣ್ಣ ಕೂತುಬಿಟ್ಟ. "ಒಕ್ಕಣ್ಣ ಕುದುರೆ ಅಂತ ಗೊತ್ತಾದ್ರೆ ನನ್ನ ಗಾಡಿಗೆ ಯಾರು ಹತ್ತುತಾರೆ ಬುದ್ಧಿ?"

"ಅದಕ್ಕೆ ನಂಜಯ್ಯನ ಗಾಡಿ ನಿಲ್ಸಕ್ಕೆ ಹೊರಟ್ಯಾ?" ಸದಾಶಿವಯ್ಯ ಹುಚ್ಚಣ್ಣನ ಬಿಲ್ಲೆ ಬಿಚ್ಚಿಕೊಂಡು, ಜೇಬಿನಲ್ಲಿದ್ದುದನ್ನು ನಂಜಯ್ಯನ ಅಂಗೈಗೆ ಹಾಕಿದರು. "ನಾಲಿಗೆಗೂ ಒಂದು ಕಡಿವಾಣ ಹಾಕ್ಕೊಳಯ್ಯ."

ಹುಚ್ಚಣ್ಣನನ್ನು ಕರೆದೊಯ್ದರು. ಬಯಲಲ್ಲಿ ರಾಜ ಒಂದೇ ಉಳಿಯಿತು. ಜವರಯ್ಯ ಬೈದುಕೊಳ್ಳುತ್ತಲೇ ಎಡಗಡೆಯಿಂದ ಅದರ ಹಗ್ಗಕ್ಕೆ ಕೈ ಚಾಚಿದ. ಕುದುರೆ ಬೆಚ್ಚಿತು.

ಜವರಯ್ಯ ನಿಂತ. ಆಮೇಲೆ ಸುತ್ತಿಕೊಂಡು ಬಲಗಡೆಗೆ ಹೋದ.