ಹಸಿದ ಕೌದಿ

ಈ ಸಲ ಕ್ರಿಸ್ಮಸ್‌ಗೆ ಯಾರೂ ಅಂಗಡಿಯಿಂದ ಏನೂ ತರಬಾರದು ಎಂದು ಡಾಕ್ಟರ್ ಸಾಲೋಮಿಬಾಯಿ ಹೇಳುತ್ತಿದ್ದಾಗ ನಾನು ಸುಂದರವ್ವನ ಕಿವಿಯನ್ನು ನೋಡುತ್ತಿದ್ದೆ. ಹಾಗಾಗಿ ಅರ್ಧ ಮಾತು ನನಗೆ ಕೇಳಿಸಲೇ ಇಲ್ಲ. ಕಿವಿಯ ಹಿಂದೆ ಅವಳು ಒಂದು ಮೋಟು ಪೆನ್ಸಿಲ್ಲು ಸಿಕ್ಕಿಸಿಕೊಂಡಿದ್ದಳು, ಅದಕ್ಕೆ ಒಂದೇ ಒಂದು ಕೂದಲು ಸುತ್ತಿಕೊಂಡಿತ್ತು. ಅದು ಬಿಚ್ಚೀತೋ ಇಲ್ಲವೋ ಎಂಬುದು ನನಗೆ ಆ ಹೊತ್ತಿಗೆ ಬಹಳ ದೊಡ್ಡ ವಿಷಯವಾಗಿತ್ತು.

"ಕಂಪೌಂಡರ್ರ, ಚೀಟಿ ಎತ್ತರಿ" ಎಂದಳು ಅವಳು, ಡಬ್ಬಿ ನನ್ನ ಮುಂದೆ ಹಿಡಿದು. ಆಮೇಲೆ ನನಗೊಬ್ಬನಿಗೇ ಕೇಳುವಂತೆ, "ನನ್ನ ಮಾರಿ ಆಮ್ಯಾಲ ನೋಡೀರಂತ."

ನಾನು ಚೀಟಿ ಎತ್ತಿದೆ. ಗಂಗಯ್ಯನ ಹೆಸರು ಬಂತು. ಗಂಗಯ್ಯ ನಮ್ಮ ವಾಚ್‌ಮನ್, ಬಹಳ ಒಳ್ಳೆಯವನು. ಆದರೂ ಆ ಕ್ಷಣ ನನಗೆ ಅವನ ಮೇಲೆ ಸಿಟ್ಟು ಬಂದದ್ದು ನಿಜ.

ಅದು ೧೯೭೪ರ ಡಿಸೆಂಬರ್. ಬೈಲಹೊಂಗಲದ ಹತ್ತಿ ಬಜಾರಿನ ಹಿಂದೆ ನಮ್ಮ ಸಣ್ಣ ಧರ್ಮಾರ್ಥ ದವಾಖಾನೆ. ನಡೆಸುತ್ತಿದ್ದ ಸಾಲೋಮಿಬಾಯಿಯವರು ಕ್ರಿಶ್ಚಿಯನ್ನರು. ಉಳಿದ ನಾಲ್ವರು, ಅಂದರೆ ನಾನು, ನರ್ಸ್ ಸುಂದರವ್ವ, ಆಯಾ ಬೀರವ್ವ ಮತ್ತು ಗಂಗಯ್ಯ, ಹಿಂದೂಗಳು. ಆದರೂ ಕ್ರಿಸ್ಮಸ್ ಎಲ್ಲರದ್ದೂ ಆಗಿತ್ತು. ಪ್ರತಿವರ್ಷ ಬಾಯಿಯವರು ಎಲ್ಲರಿಗೂ ಒಂದೊಂದು ಟವೆಲ್ಲು, ಒಂದಿಷ್ಟು ಸಕ್ಕರೆ ಕೊಡುತ್ತಿದ್ದರು. ಆ ವರ್ಷ ಸಕ್ಕರೆಗಾಗಿ ರೇಶನ್ ಅಂಗಡಿಯ ಮುಂದೆ ಅರ್ಧ ದಿನ ನಿಲ್ಲಬೇಕಾಗಿತ್ತು. ಬಟ್ಟೆಯ ರೇಟು ಕೇಳಿದರೆ ಸಾಕು, ಕೈ ತಾನೇ ಕಿಸೆಯಿಂದ ಹೊರಗೆ ಬರುತ್ತಿತ್ತು. ದವಾಖಾನೆಗೆ ಬರಬೇಕಾದ ದೇಣಿಗೆಯೂ ಬಂದಿರಲಿಲ್ಲ.

ಅದಕ್ಕೇ ಈ ಹೊಸ ಕಾನೂನು. ಚೀಟಿಯಲ್ಲಿ ಯಾರ ಹೆಸರು ಬರುತ್ತದೋ ಅವರಿಗೆ, ಮನೆಯಲ್ಲಿದ್ದ ಸಾಮಾನಿನಿಂದ, ಸ್ವಂತ ಕೈಯಿಂದ ಏನಾದರೂ ಮಾಡಿಕೊಡಬೇಕು. ಒಂದು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಅದರಲ್ಲಿ ಏನೂ ಇರಕೂಡದು. ಈ ಒಂದು ರೂಪಾಯಿಯನ್ನು ನೆನಪಿಟ್ಟುಕೊಳ್ಳಿ. ನನ್ನ ಬಾಳನ್ನು ಹಾಳು ಮಾಡಲು ಅದೇ ಹೊರಟಿತ್ತು.

ಗಂಗಯ್ಯನಿಗೆ ನಾನು ಖಾಲಿ ಔಷಧದ ಬಾಟಲಿಯಿಂದ ಒಂದು ಚಿಮಣಿ ದೀಪ ಮಾಡಿದೆ. ಅದು ಒಂದು ಸಂಜೆಯ ಕೆಲಸ. ಉಳಿದ ಸಂಜೆಗಳಲ್ಲಿ, ಯಾರೂ ಹೇಳದಿದ್ದರೂ, ಒಂದು ಗುಳಿಗೆಯ ತಗಡಿನ ಡಬ್ಬಿಯನ್ನು ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದೆ. ಒಳಗೆ ಹತ್ತಿ ತುಂಬಿ, ಮೇಲೆ ಬ್ಯಾಂಡೇಜ್ ಬಟ್ಟೆ ಹಾಕಿ ಅಂಟಿಸಿ, ಸೂಜಿ ಚುಚ್ಚಿಡಲು ಮೆತ್ತೆ ಮಾಡಿದೆ. ಸುಂದರವ್ವ ಬಿಡುವಾದಾಗಲೆಲ್ಲ ಏನಾದರೂ ಹೊಲಿಯುತ್ತಿದ್ದಳು, ಸೂಜಿಯನ್ನು ಹಲ್ಲಿನಲ್ಲಿ ಹಿಡಿದು ಮಾತಾಡುತ್ತಿದ್ದಳು. ನುಂಗಿಬಿಟ್ಟರೆ ಎಂದು ನನಗೆ ಹೆದರಿಕೆ. ಡಬ್ಬಿ ತಯಾರಾಯಿತು, ಕೊಡುವ ಧೈರ್ಯ ತಯಾರಾಗಲಿಲ್ಲ. ಚೀಟಿಯಲ್ಲಿ ಅವಳ ಹೆಸರು ನನಗೆ ಬಂದಿರಲಿಲ್ಲವಲ್ಲ. ನಾನು ಕಾನೂನಿನ ಮನುಷ್ಯ.

ಕ್ರಿಸ್ಮಸ್ ದಿನ ಮಧ್ಯಾಹ್ನ ಅಂಗಳದ ಬೇವಿನ ಗಿಡದ ಕೆಳಗೆ ಎಲ್ಲರೂ ಕುಳಿತೆವು. ಔಷಧದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಗುಳಿಗೆಯ ಬೆಳ್ಳಿ ಕಾಗದ ಅಂಟಿಸಿ ಮಾಡಿದ, ನಕ್ಷತ್ರದ ಆಕಾರದ ಚಿಕ್ಕೆಗಳು ಮೇಲೆ ತೂಗಾಡುತ್ತಿದ್ದವು. ಬೀರವ್ವ ಬಾಯಿಯವರಿಗೆ ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ ಕುಟ್ಟಿ ತಂದಿದ್ದಳು. ಬಾಯಿಯವರು ತಮ್ಮ ಹಳೆಯ ಸ್ವೆಟರ್ ಬಿಚ್ಚಿದ ಉಣ್ಣೆಯಲ್ಲಿ ಸುಂದರವ್ವನಿಗೆ ಕೈಚೀಲ ಹೆಣೆದಿದ್ದರು. ಗಂಗಯ್ಯ ಬೀರವ್ವನಿಗೆ ಈಚಲು ಗರಿಯ ಕಸಬರಿಗೆ ಕಟ್ಟಿ ತಂದಾಗ ಅವಳು, ಹಬ್ಬದ ದಿನವೂ ನನಗೆ ಕೆಲಸವನ್ನೇ ಕೊಟ್ಟೆಯಲ್ಲ ಎಂದು ಬೈದು, ಖುಷಿಯಾಗಿ ಮಡಿಲಲ್ಲಿ ಇಟ್ಟುಕೊಂಡಳು.

ನನ್ನ ಮುಂದೆ ಸುಂದರವ್ವ ಒಂದು ಕೌದಿ ಇಟ್ಟಳು.

ಹೆಗಲ ಮೇಲೆ ಹೊದೆಯುವಷ್ಟು ಸಣ್ಣದು. ಹಳೆಯ ಇಳಕಲ್ ಸೀರೆಯ ಸೆರಗು, ಯಾರದೋ ತಲೆಯ ಪಟಕಾ, ಅವಳ ಸಾಲೆಯ ನೀಲಿ ಲಂಗ, ತುಂಡು ತುಂಡು ಜೋಡಿಸಿ, ಇರುವೆ ಸಾಲಿನ ಹಾಗೆ ಒತ್ತೊತ್ತಾಗಿ ಹೊಲಿದಿದ್ದಳು. ಔಷಧದ ಖೋಲಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಥಂಡಿಗೆ ನನ್ನ ಕೈ ನಡುಗಿ ಮಿಕ್ಸ್ಚರ್ ಚೆಲ್ಲುವುದನ್ನು ಅವಳು ನೋಡಿದ್ದಳಂತೆ. ನನ್ನನ್ನೊಮ್ಮೆ ನೋಡಿ, ಕಣ್ಣು ತೆಗೆದು, ಚಿಕ್ಕೆಗಳ ಕಡೆ ನೋಡಿದಳು. ದಿನಾ ನನ್ನನ್ನು ಕಾಡುವ ಹುಡುಗಿ ಅಂದು ಯಾಕೆ ಕಾಡಲಿಲ್ಲ ಎಂದು ನಾನು ಕೇಳಿಕೊಳ್ಳಬೇಕಾಗಿತ್ತು. ಕೇಳಿಕೊಳ್ಳಲಿಲ್ಲ.

ನಾಲ್ಕು ಗಂಟೆಗೆ, ದವಾಖಾನೆಯ ಕಂಪೌಂಡಿನಲ್ಲೇ ಇದ್ದ ನನ್ನ ಖೋಲಿಗೆ ಬಂದು ಕೌದಿ ಹೊದ್ದು ಕುಳಿತೆ. ಎಷ್ಟು ಬೆಚ್ಚಗಿತ್ತೆಂದರೆ, ನನಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಆಗ ಒಂದು ಮೂಲೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ಹತ್ತಿತು.

ಸವದತ್ತಿಯ ನಮ್ಮ ಮನೆಯಲ್ಲಿ ಕೌದಿ ಇರಲಿಲ್ಲ. ನಮ್ಮ ಅಪ್ಪ ತ್ರ್ಯಂಬಕ ಭಟ್ಟರು ಪೂಜೆ, ತಿಥಿ ಮಾಡಿಸುವವರು. ಮಡಿಗೆ ಉಣ್ಣೆಯ ಧಾಬಳಿ, ಹಾಸಲು ಜಮಖಾನೆ. ಹಳೆಯ ಬಟ್ಟೆ ಜೋಡಿಸಿ ಹೊಲಿದದ್ದನ್ನು ನಾನು ಹೊದ್ದದ್ದೇ ಮೊದಲ ಸಲ. ಅದರ ಕಟ್ಟಳೆ ನನಗೇನು ಗೊತ್ತು? ಬ್ಲೇಡಿನಿಂದ ನಾಜೂಕಾಗಿ ನಾಲ್ಕು ಹೊಲಿಗೆ ಬಿಚ್ಚಿದೆ. ಒಳಗೆ ಒಣಗಿದ ಜೋಳದ ರೊಟ್ಟಿಯ ಒಂದು ಚೂರು, ಅದರ ಜೊತೆ ಜೋಳದ ಕಾಳಿನಷ್ಟೇ ದೊಡ್ಡ ಒಂದು ಬಂಗಾರದ ಗುಂಡು.

ನಾನು ಶಾಣ್ಯಾ ಮನುಷ್ಯ, ಕೂಡಲೇ ಲೆಕ್ಕ ಹಾಕಿದೆ. ಒಂದು ರೂಪಾಯಿ ಮೀರಬಾರದೆಂದು ಕಾನೂನು. ಬಂಗಾರದ ಗುಂಡು ಬೇಕೆಂದು ಯಾರು ಹಾಕುತ್ತಾರೆ? ಪಾಪ, ಉಣ್ಣುತ್ತಾ ಹೊಲಿದಿದ್ದಾಳೆ. ರೊಟ್ಟಿಯ ಚೂರು ಬಿದ್ದಿದೆ, ಕೊರಳ ಸರದಿಂದ ಗುಂಡು ಉದುರಿದೆ, ನೋಡದೆ ಹೊಲಿದುಬಿಟ್ಟಿದ್ದಾಳೆ. ಈಗ ಸಂಗೊಳ್ಳಿಯ ತಮ್ಮ ಮನೆಯಲ್ಲಿ ಹುಡುಕುತ್ತಿರಬೇಕು. ರೊಟ್ಟಿಗೆ ಇರುವೆ ಬಂದಾವೆಂದು ಅದನ್ನು ಕಂಪೌಂಡಿನ ಗೋಡೆಯ ಮೇಲೆ ಇಟ್ಟೆ. ನನ್ನ ಕಣ್ಣೆದುರೇ ಕಾಗೆ ಎತ್ತಿಕೊಂಡು ಹೋಯಿತು. ಗುಂಡನ್ನು ಔಷಧದ ಪುಡಿಯ ಹಾಗೆ ಪೊಟ್ಟಣ ಕಟ್ಟಿ, ಮೇಲೆ ಅಂದವಾಗಿ ಬರೆದೆ: "ನಿಮ್ಮ ವಸ್ತು. ತಪ್ಪಿ ಬಂದಿತ್ತು."

ಮರುದಿನ ಅವಳ ಕೈಗೆ ಕೊಟ್ಟಾಗ, ಅವಳ ಮುಖ ಅರಳೀತೆಂದು ಕಾದು ನಿಂತಿದ್ದೆ. ಅವಳು ಬರೆದದ್ದನ್ನು ಓದಿದಳು. ಬಹಳ ಹೊತ್ತು ಓದಿದಳು.

"ರೊಟ್ಟಿ ಚೂರೂ ಇತ್ತಲ್ಲರಿ."

"ಅದನ್ನ ಕಾಗಿಗೆ ಹಾಕಿದೆ. ಇರಿವಿ ಬರತಾವ."

"ಹೌದರಿ" ಎಂದಳು. "ನಮ್ಮ ಮನಿ ರೊಟ್ಟಿ ನಿಮ್ಮ ಹಾಸಿಗ್ಯಾಗ ಯಾಕ ಇರಬೇಕು."

ಅಂದು ಇಡೀ ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಔಷಧ ಬೇಕಾದರೆ ಚೀಟಿ ಕಳಿಸಿದಳು. ಶುಕ್ರವಾರ ದವಾಖಾನೆಗೆ ಬರಲೇ ಇಲ್ಲ. ಕಿವಿಯ ಹಿಂದಿನ ಪೆನ್ಸಿಲ್ಲನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದಳು. ಅದನ್ನು ನೋಡಿ ನನಗೆ ಕೆಲಸ ಮಾಡಲಾಗಲಿಲ್ಲ.

ವಿಷಯ ಒಡೆದವಳು ಬೀರವ್ವ. ರವಿವಾರ ರಾಮದುರ್ಗದಿಂದ ಗಂಡಿನ ಕಡೆಯವರು ಸುಂದರವ್ವನನ್ನು ನೋಡಲು ಬರುತ್ತಾರಂತೆ. ಇಷ್ಟು ದಿನ ಅವಳು ಅದು ಇದು ನೆಪ ಹೇಳಿ ಮುಂದೆ ಹಾಕಿದ್ದಳಂತೆ. ಗುರುವಾರ ಸಂಜೆ ತಾನಾಗಿಯೇ ಅಣ್ಣನಿಗೆ, ಬರಲಿ, ಒಪ್ಪಿದರೆ ಆಗಿಬಿಡಲಿ ಎಂದಳಂತೆ. ಗುರುವಾರ ಏನಾಯಿತು ಎಂದು ಬೀರವ್ವ ನನ್ನನ್ನು ಕೇಳಿದಳು. ನಾನು ಪೊಟ್ಟಣದ ಕಥೆ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಬೀರವ್ವ ಕಸಬರಿಗೆ ಕೆಳಗಿಟ್ಟು ಹಣೆ ಹಣೆ ಬಡಿದುಕೊಂಡಳು.

"ರೊಟ್ಟಿ ಎಲ್ಲಾ ಕೌದಿಗೂ ಹಾಕತೇವ್ರಿ. ಕೌದಿ ಹೊಟ್ಟಿ ಹಸದಿರಬಾರದು, ಹೊಚ್ಚಿಗೊಂಡವರೂ ಹಸದಿರಬಾರದು ಅಂತ. ಆದ್ರ ಕೊರಳಾಗಿನ ಗುಂಡು ಹುಡುಗಿ ಒಂದಽ ಸಲ ಹಾಕತಾಳ. ಯಾರನ್ನ ಗಂಡ ಅಂತ ತಿಳದಿರತಾಳಲ್ಲ, ಅವನ ಕೌದಿಗೆ."

ಇನ್ನೂ ಒಂದು ಮಾತು ಹೇಳಿದಳು. ನನ್ನ ಹೆಸರಿನ ಚೀಟಿ ಬಂದದ್ದು ಬೀರವ್ವನಿಗೆ. ಸುಂದರವ್ವ ಎರಡು ರವಿವಾರ ಅವಳ ಕೆಲಸ ಮಾಡಿಕೊಟ್ಟು ಆ ಚೀಟಿ ಬದಲಾಯಿಸಿಕೊಂಡಿದ್ದಳು. ಅವಳಿಗೆ ಬಂದಿದ್ದ ಹೆಸರು ಬಾಯಿಯವರದು.

ನಾನು ಔಷಧದ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತೆ. ಹಿಂದಿನದೆಲ್ಲ ನೆನಪಾಯಿತು. ಎರಡು ಸಲ ಅವಳು ತನ್ನ ಬುತ್ತಿಯ ರೊಟ್ಟಿ ನನ್ನ ಮುಂದೆ ಹಿಡಿದಿದ್ದಳು. ಎರಡು ಸಲವೂ ನಾನು ಹೊಟ್ಟೆ ತುಂಬಿದೆ ಎಂದಿದ್ದೆ. ತುಂಬಿರಲಿಲ್ಲ. ಭಟ್ಟರ ಮಗ ಕಂಡವರ ಮನೆಯಲ್ಲಿ ಉಣ್ಣಬಾರದೆಂಬುದು ಮೈಯಲ್ಲಿ ಹೊಕ್ಕಿತ್ತು, ಅಷ್ಟೇ. ಈಗ ಮೂರನೆಯ ಸಲ, ಅವಳು ಹೊಲಿದು ಮುಚ್ಚಿಟ್ಟ ರೊಟ್ಟಿಯನ್ನೂ ತೆಗೆದು ಹೊರಗೆ ಹಾಕಿದ್ದೆ. ಅವಳು ಬೇರೇನು ತಿಳಿಯಬೇಕು? ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅವಳಿಲ್ಲದ ದವಾಖಾನೆ ಹೇಗಿರುತ್ತದೆಂದು ಒಂದೇ ದಿನದಲ್ಲಿ ನೋಡಿದ್ದೆ.

ಶನಿವಾರ ರಜೆ ಕೇಳಿದಾಗ ಬಾಯಿಯವರು ಕಾರಣ ಕೇಳಲಿಲ್ಲ. ಬೀರವ್ವ ಹೇಳಿದ್ದಿರಬೇಕು. ಸಂಗೊಳ್ಳಿಯ ಬಸ್ಸು ಹತ್ತಕ್ಕೆ ಇದೆ ಎಂದಷ್ಟೇ ಹೇಳಿದರು.

ಮೂಲೆ ಬಿಚ್ಚಿದ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು, ತಗಡಿನ ಡಬ್ಬಿಯನ್ನು ಕಿಸೆಯಲ್ಲಿಟ್ಟುಕೊಂಡು ಸಂಗೊಳ್ಳಿಯಲ್ಲಿ ಇಳಿದೆ. ಕಟ್ಟೆಯ ಮೇಲೆ ಅವಳ ಅಣ್ಣ ರಾಯಪ್ಪ ಹಗ್ಗ ಹೊಸೆಯುತ್ತಿದ್ದ. ದವಾಖಾನೆಯಿಂದ ಏನೋ ಅವಸರದ ಕೆಲಸಕ್ಕೆ ಬಂದೆನೆಂದು ತಿಳಿದು ಎದ್ದು ನಿಂತ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ನನ್ನ ದನಿ ಕೇಳಿ ಅದು ಗಕ್ಕನೆ ನಿಂತಿತು.

ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಹತ್ತು ಸಲ ಕೂಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

"ಹಸಿವಿ ಆಗೇದ" ಎಂದೆ. "ಒಂದು ರೊಟ್ಟಿ ಕೊಡ್ರಿ."

ರಾಯಪ್ಪ ನನ್ನ ಕೊರಳ ಜನಿವಾರದ ಕಡೆ ನೋಡಿದ. "ನೀವು ನಮ್ಮ ಮನ್ಯಾಗ ಉಣ್ಣತೀರೇನ್ರಿ?"

"ಕೊಟ್ಟರ ಉಣ್ಣತೇನಿ."

ಅವರ ಅಜ್ಜಿ ಪದ್ಮವ್ವ ಹೊರಗೆ ಬಂದಳು. ನನ್ನನ್ನು ನೋಡಲಿಲ್ಲ, ಹೆಗಲ ಮೇಲಿನ ಕೌದಿಯ ಮೂಲೆಯನ್ನು ನೋಡಿದಳು. ಒಳಗೆ ಬಾ ಎಂದು ಕೈ ಮಾಡಿದಳು.

ಒಲೆಯ ಹತ್ತಿರ ಸುಂದರವ್ವ ಕುಳಿತಿದ್ದಳು, ಮೊಣಕೈತನಕ ಹಿಟ್ಟು. ನನ್ನ ಕಡೆ ತಿರುಗಲಿಲ್ಲ. ಅಜ್ಜಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ನಾನು ಮುರಿದು ಬಾಯಿಗಿಟ್ಟೆ. ಅದು ಇಷ್ಟು ವರ್ಷ ನಾನು ಬಿಟ್ಟ ರೊಟ್ಟಿ ಎಂದು ಅನಿಸಿ ಗಬಗಬ ಉಂಡೆ. ಅವಳು ಓರೆಗಣ್ಣಿನಲ್ಲಿ ನೋಡಿ, ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದಳು.

"ಸುಂದರವ್ವ" ಎಂದೆ, "ಗುಂಡು ಎದಕ್ಕ ಹಾಕತಾರಂತ ನನಗ ಗೊತ್ತಿದ್ದಿಲ್ಲ. ಉದುರಿ ಬಿದ್ದದ ಅಂತ ತಿಳಿದೆ. ಈಗ ಗೊತ್ತಾಗೇದ. ಮತ್ತ ಹಾಕಿ ಹೊಲೀರಿ ಅಂತ ಕೇಳಲಿಕ್ಕೆ ಬಂದೇನಿ. ನೀವು ಇಲ್ಲದ ನನಗ ಆಗೂದಿಲ್ಲ."

ಅವಳು ಹಿಟ್ಟಿನ ಕೈಯನ್ನೇ ನೋಡುತ್ತಿದ್ದಳು. "ನೀವು ಬೇಡ ಅಂತ ತಗದೀರಿ ಅಂತ ತಿಳಕೊಂಡೆ. ರೊಟ್ಟೀನೂ ಕಾಗಿಗೆ ಹಾಕಿದಿರಿ."

"ಹಾಕಿದೆ. ಕಾಗಿ ಕೂಡಲೇ ಮುಟ್ಟಿತು. ನಾ ಭಟ್ಟರ ಮಗ, ಕಾಗಿ ಲೆಕ್ಕ ನನಗ ಗೊತ್ತದ. ಕಾಗಿ ಮುಟ್ಟಿತು ಅಂದ್ರ ಮ್ಯಾಲಿನ ಹಿರಿಯಾರು ಒಪ್ಪಿದರು ಅಂತ. ಇನ್ನ ಕೆಳಗಿನವರನ್ನ ಒಪ್ಪಿಸೂದು ನನಗ ಬಿಡ್ರಿ."

ಮೊದಲು ನಕ್ಕವಳು ಅಜ್ಜಿ. ಆಮೇಲೆ ಸುಂದರವ್ವನ ಹೆಗಲು ಅಲುಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ತಿರುಗಿದಾಗ ಎರಡೂ ಇತ್ತು. ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡು ಕೆನ್ನೆಯೆಲ್ಲ ಬಿಳಿ ಮಾಡಿಕೊಂಡಿದ್ದಳು.

ಸೆರಗಿನ ಗಂಟು ಬಿಚ್ಚಿ ನನ್ನ ಪೊಟ್ಟಣ ತೆಗೆದಳು, ಇನ್ನೂ ಬಿಚ್ಚಿರಲಿಲ್ಲ. ನಾನು ಕಿಸೆಯಿಂದ ಡಬ್ಬಿ ತೆಗೆದು ಕೊಟ್ಟೆ. ಅದಕ್ಕೂ ಒಂದು ರೂಪಾಯಿಯ ಒಳಗೇ ಖರ್ಚಾಗಿದೆ ಎಂದು ಹೇಳಿದೆ. ಅವಳು ಸೂಜಿಯ ಮೆತ್ತೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಇನ್ನು ಮೇಲೆ ಸೂಜಿಯನ್ನು ಹಲ್ಲಿನಲ್ಲಿ ಹಿಡಿಯಬೇಡಿ ಎಂದೆ.

"ಅದನ್ನೂ ನೋಡತಿದ್ರೇನು?" ಎಂದು ಕೇಳಿ ಅವಳು ತಲೆ ತಗ್ಗಿಸಿದಳು.

ನನ್ನ ತಾಟಿನ ರೊಟ್ಟಿಯಿಂದಲೇ ಒಂದು ಚೂರು ಮುರಿದುಕೊಂಡು, ಗುಂಡಿನ ಜೊತೆ ಇಟ್ಟು, ಮೂಲೆಯನ್ನು ನನ್ನ ಕೈಯಲ್ಲಿ ಹಿಡಿಸಿ ಹೊಲಿದಳು. ನಾನು ನಾಲ್ಕು ಹೊಲಿಗೆ ಬಿಚ್ಚಿದ್ದೆ. ಅವಳು ಇಪ್ಪತ್ತಾದರೂ ಹಾಕಿದಳು.

ಬಾಗಿಲಲ್ಲಿ ರಾಯಪ್ಪ ಇಷ್ಟು ಹೊತ್ತೂ ನಿಂತೇ ಇದ್ದ. ಅವನ ಮುಖ ಗಟ್ಟಿಯಾಗಿತ್ತು. ಊರು ಏನಂದೀತು, ಭಟ್ಟರ ಮನೆಯವರು ತನ್ನ ತಂಗಿಯನ್ನು ಹೊಸಿಲು ತುಳಿಯಗೊಟ್ಟಾರೆಯೇ ಎಂದು ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಳೆಯೇ ಸವದತ್ತಿಗೆ ಹೋಗಿ ಹೇಳುತ್ತೇನೆ, ಒಪ್ಪದಿದ್ದರೂ ಬಾಯಿಯವರನ್ನು ಕರೆದುಕೊಂಡು ಇಲ್ಲಿಗೇ ಬರುತ್ತೇನೆ ಎಂದು ನಾನು ಮಾತು ಕೊಟ್ಟೆ. ಅವನು ಅಜ್ಜಿಯ ಕಡೆ ತಿರುಗಿ, ನಾಳೆ ರಾಮದುರ್ಗದವರಿಗೆ ಏನು ಹೇಳಲಿ ಎಂದ.

ಪದ್ಮವ್ವ ಹೊಲಿದ ಮೂಲೆಯನ್ನು ಒತ್ತಿ ನೋಡಿದಳು.

"ಕೌದಿ ಹೊಟ್ಟಿ ತುಂಬೇತಿ ಅಂತ ಹೇಳು."

ಸಂಜೆಯ ಬಸ್ಸಿಗೆ ಸುಂದರವ್ವ ಹೊಲದ ದಾರಿಯ ತನಕ ಬಂದಳು. ಎರಡೂ ಬದಿಗೆ ಜೋಳ ತೆನೆ ಬಿಟ್ಟಿತ್ತು.

"ನಿಮ್ಮವ್ವಾರು ಮಾತು ಬಿಡತಾರ್ರಿ" ಎಂದಳು.

"ಬಿಡತಾಳ. ಆದ್ರ ಸಿಟ್ಟಿನಾಗೂ ಊಟಕ್ಕ ಹಾಕತಾಳ. ಅಲ್ಲಿಂದ ಸುರು ಮಾಡೋಣು."

ಅವಳು ನಕ್ಕಳು. ಸೋಮವಾರ ಬರುತ್ತೀರಾ ಎಂದು ನಾನು ಕೇಳಿದೆ. ಪೆನ್ಸಿಲ್ಲು ಮೇಜಿನ ಮೇಲೆ ಬಿಟ್ಟಿದ್ದೇನೆ, ಬರದೆ ಹೇಗೆ ಎಂದಳು. ಅದು ನನ್ನ ಕಿಸೆಯಲ್ಲೇ ಇತ್ತು. ತೆಗೆದು, ಕೇಳದೆಯೇ, ಅವಳ ಕಿವಿಯ ಹಿಂದೆ ಸಿಕ್ಕಿಸಿದೆ. ಅವಳು ಅಲುಗಾಡದೆ ನಿಂತಿದ್ದಳು.

ಬಸ್ಸಿನಲ್ಲಿ ಕಿಟಕಿಯಿಂದ ಥಂಡಿ ಗಾಳಿ. ಕೌದಿ ಹೊದ್ದುಕೊಂಡು, ಬೈಲಹೊಂಗಲ ಬರುವ ತನಕ ಆ ಮೂಲೆಯ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕುಳಿತೆ. ಇರುವೆ ಬಂದರೆ ಬರಲಿ.